ಬೆಳೆ ಹಾನಿ ಪರಿಹಾರ (ಕಡೂರು, ತರೀಕೆರೆ, ಅಜ್ಜಂಪುರ)

ಬರ, ಅತಿವೃಷ್ಟಿ ಅಥವಾ ಆಲಿಕಲ್ಲು ಮಳೆಗೆ ಬೆಳೆ ಕಳೆದುಕೊಂಡ ರೈತರಿಗೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಸಲ್ಲುವ ಸಹಾಯಧನ. ಕಡತಗಳಲ್ಲಿ ಇದು ಇನ್‌ಪುಟ್ ಸಬ್ಸಿಡಿ. ಹೋದ ಬೆಳೆಯ ಬೆಲೆಯನ್ನು ಇದು ತುಂಬಿಕೊಡುವುದಿಲ್ಲ. ಮುಂದಿನ ಬಿತ್ತನೆಯ ಬೀಜ, ಗೊಬ್ಬರಕ್ಕೆ ಒತ್ತಾಸೆಯಷ್ಟೆ. ಕಂತು ಕಟ್ಟಿ ಪಡೆಯುವ ಫಸಲ್ ಬಿಮಾ ಬೆಳೆ ವಿಮೆ ಇದರಿಂದ ಬೇರೆ.

ಪ್ರದೇಶ: ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆ ಬಹುಮಟ್ಟಿಗೆ ಈ ಮೂರು ತಾಲ್ಲೂಕುಗಳಲ್ಲಿದೆ. ಬಾಬಾಬುಡನ್ ಗಿರಿಸಾಲಿನ ಮಳೆನೆರಳಿನ ಕಡೂರಿನಲ್ಲಿ ರಾಗಿ, ಹುರುಳಿ, ತೆಂಗು ಮುಖ್ಯ. ಅಜ್ಜಂಪುರ, ಶಿವನಿ ಕಡೆ ಈರುಳ್ಳಿ. ತರೀಕೆರೆಯ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯೇ ಇದೆ. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಅದರ ಹಿಂದಿನ ಲೆಕ್ಕಗಳನ್ನು ತರೀಕೆರೆಯ ದಾಖಲೆಗಳಲ್ಲೇ ಹುಡುಕಬೇಕು.

ಹಿನ್ನೆಲೆ: ಹಿಂದೆ ಬರಗಾಲದಲ್ಲಿ ಸಿಗುತ್ತಿದ್ದುದು ಕಂದಾಯದ ರಿಯಾಯಿತಿ ಮತ್ತು ತಕ್ಕಾವಿ ಸಾಲ. 1990ರ ವಿಪತ್ತು ಪರಿಹಾರ ನಿಧಿ 2010ರಲ್ಲಿ ರಾಜ್ಯ ವಿಪತ್ತು ಸ್ಪಂದನಾ ನಿಧಿಯಾಯಿತು. ಅದರಲ್ಲಿ ಕರ್ನಾಟಕಕ್ಕೆ ಕೇಂದ್ರದ ಪಾಲು ಶೇ 75. ಶೇ 50ರಷ್ಟು ಬೆಳೆ ಹೋದರೆ ಮಾತ್ರ ಪರಿಹಾರ ಎಂಬ ನಿಯಮ 2015ರಲ್ಲಿ ಶೇ 33ಕ್ಕೆ ಇಳಿಯಿತು. ಸಣ್ಣ ಹಿಡುವಳಿದಾರರ ಮಟ್ಟಿಗೆ ಇದು ದರದ ಏರಿಕೆಗಿಂತ ದೊಡ್ಡ ಬದಲಾವಣೆ ಎನ್ನಬಹುದು.

ದರ ಮತ್ತು ಪಾವತಿ: 2022ರ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಖುಷ್ಕಿ ಬೆಳೆಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500, ಮಿತಿ 2 ಹೆಕ್ಟೇರ್. ಎಕರೆ ಲೆಕ್ಕದಲ್ಲಿ ಒಣಗಿದ ರಾಗಿಗೆ ಸುಮಾರು ₹3,440. ಹತ್ತು ಎಕರೆ ಒಣಗಿದರೂ ₹17,000 ಮೀರದು. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಿ ಆಗಿನ ₹6,800ರ ಖುಷ್ಕಿ ದರವನ್ನು ₹13,600ಕ್ಕೆ ಏರಿಸಿತ್ತು.

ಹಣ ಖಾತೆಗೆ ಬರುವ ಮುನ್ನ ಮೂರು ದಾಖಲೆಗಳು ತಾಳೆಯಾಗಬೇಕು: ಪಹಣಿ, ಬೆಳೆ ಸಮೀಕ್ಷೆ, ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ). ಜೊತೆಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಸಮೀಕ್ಷೆಯಲ್ಲಿ ಹೊಲ ಬೀಳು ಎಂದು ನಮೂದಾಗಿದ್ದರೆ ಬಿತ್ತಿದ ಬೆಳೆ ಲೆಕ್ಕಕ್ಕೇ ಬಾರದು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸದ ಕುಟುಂಬಗಳು, ಬಾಯಿಮಾತಿನ ಗುತ್ತಿಗೆಗೋ ಕೋರಿಗೋ ಉಳುವವರು ಇಲ್ಲಿ ಹೊರಗುಳಿಯುತ್ತಾರೆ. ಪರಿಹಾರ ಪಹಣಿಯ ಹೆಸರನ್ನು ಹಿಂಬಾಲಿಸುತ್ತದೆ, ಬೆವರನ್ನಲ್ಲ. ಈ ವ್ಯವಸ್ಥೆಯ ಅತಿ ಗಂಭೀರ ಲೋಪ ಇದೇ.

2023ರ ಬರ: ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು; ಕಡೂರು ಅವುಗಳಲ್ಲೊಂದು. ಕೇಂದ್ರದಿಂದ ರಾಜ್ಯ ಕೇಳಿದ್ದು ₹18,171 ಕೋಟಿ. 2024ರ ಜನವರಿಯಲ್ಲಿ ಮೊದಲ ಕಂತಾಗಿ ರೈತರಿಗೆ ತಲಾ ಗರಿಷ್ಠ ₹2,000 ಬಂತು. ಕೇಂದ್ರದ ನೆರವಿನ ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಏಪ್ರಿಲ್‌ನಲ್ಲಿ ಕೇಂದ್ರ ಸುಮಾರು ₹3,454 ಕೋಟಿ ಮಂಜೂರು ಮಾಡಿತು. ಉಳಿದ ಹಣ ಜಮೆಯಾಗುವಾಗ ಮರುವರ್ಷದ ಮುಂಗಾರು ಹೊಸ್ತಿಲಲ್ಲಿತ್ತು.

ತೆಂಗು: ಮೂವತ್ತಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 48 ಮರ. ಬಹುವಾರ್ಷಿಕ ದರದಲ್ಲಿ ಮರವೊಂದಕ್ಕೆ ಬೀಳುವುದು ₹190ರ ಆಸುಪಾಸು. ಸುಳಿ ಒಣಗಿ ಸತ್ತ ಮರದ ಜಾಗದಲ್ಲಿ ನೆಟ್ಟ ನಾಟಿ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು; ದರಪಟ್ಟಿ ಆ ವರ್ಷಗಳನ್ನು ಎಣಿಸುವುದಿಲ್ಲ.