ಹಂದಿಮರಿಗಳ ಪರ್ಯಾಯ ಆಹಾರ

ತಾಯಿಯ ಹಾಲು ಬಿಡುವ ಹೊತ್ತಿನಲ್ಲಿಯೂ ಬಿಟ್ಟ ಬಳಿಕ ಕೆಲವು ವಾರಗಳವರೆಗೂ ಹಂದಿಮರಿಗಳಿಗೆ ಕೊಡುವ ತಿನಿಸಿನಲ್ಲಿ ಮೆಕ್ಕೆಜೋಳ, ಸೋಯಾ ಹಿಂಡಿ, ಮೀನುಪುಡಿಗಳಿಗೆ ಬದಲಾಗಿ ಪೂರ್ಣತಃ ಇಲ್ಲವೆ ಅಂಶತಃ ಬಳಸಲ್ಪಡುವ ಸ್ಥಳೀಯ ಧಾನ್ಯ, ಹಿಂಡಿ ಹಾಗೂ ಗಿರಣಿಯ ಉಪೋತ್ಪನ್ನಗಳು. ಕೊಪ್ಪಳ ಸೀಮೆಯಲ್ಲಿ ಇವು ಹೇರಳವಾಗಿವೆಯಾದರೂ, ಬೆಳೆದ ಹಂದಿ ಅರಗಿಸಿಕೊಳ್ಳುವುದೆಲ್ಲವೂ ಮರಿಗೆ ಹಿತವಲ್ಲವೆಂಬುದೇ ಈ ವಿಷಯದ ಇತಿಹಾಸ ಕಲಿಸುವ ಮುಖ್ಯ ಪಾಠ.

ಕೊರಮ, ಕೊರಚ ಮೊದಲಾದ ಸಮುದಾಯಗಳು ಕುಲಕಸುಬಾಗಿ ನಡೆಸಿಕೊಂಡು ಬಂದ ಸಾಕಣೆಯಲ್ಲಿ ಹಂದಿಗಳು ಊರ ಸುತ್ತ ತಿರುಗಿ ಹೊಟ್ಟೆ ಹೊರೆಯುತ್ತಿದ್ದವು. ಮರಿಗಳಿಗೆಂದು ಪ್ರತ್ಯೇಕ ಆಹಾರವನ್ನು ಕಲ್ಪಿಸುವ ಪದ್ಧತಿ ಬೆಳೆದಿರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯ ಗಂಗಾವತಿ ಭತ್ತದ ಕಣಜವೆನಿಸಿ, ಅಲ್ಲಿಯ ಅಕ್ಕಿ ಗಿರಣಿಗಳಿಂದ ತೌಡು, ನುಚ್ಚುಗಳು ಧಾರಾಳವಾಗಿ ದೊರೆಯತೊಡಗಿದವು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಹೊಲಗಳು ಸಜ್ಜೆ, ಜೋಳ, ಶೇಂಗಾಗಳನ್ನು ಒದಗಿಸಿದವು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ಲಾರ್ಜ್ ವೈಟ್ ಯಾರ್ಕ್‌ಷೈರ್ ಮುಂತಾದ ವಿದೇಶೀ ತಳಿಗಳು ದೇಶದಲ್ಲಿ ಪ್ರಸಾರವಾಗಲು, ಶೀಘ್ರವಾಗಿ ಬೆಳೆಯುವ ಅವುಗಳಿಗೆ ಅಳೆದು ಬೆರೆಸಿದ ಆಹಾರ ಅನಿವಾರ್ಯವಾಯಿತು. ಎಳೆಯ ಮರಿಗಳಿಗೆ ಸುಮಾರು 20%, ಬೆಳೆಯುವ ಹಂದಿಗಳಿಗೆ 18%, ಮಾರಾಟಕ್ಕೆ ಕೊಬ್ಬಿಸುವವಕ್ಕೆ 16% ಪ್ರೋಟೀನು ಬೇಕೆಂಬ ಪ್ರಮಾಣ ರೂಢಿಗೆ ಬಂದಿತು.

ಹುಟ್ಟಿದ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಸಮೃದ್ಧವಾಗಿದ್ದರೂ, ಪಿಷ್ಟವನ್ನು ಒಡೆಯುವ ಕಿಣ್ವಗಳು ವಾರಗಳುರುಳಿದಂತೆ ಮಾತ್ರ ವೃದ್ಧಿಯಾಗುತ್ತವೆ. ಆದ್ದರಿಂದ ನಾರು ಕಡಿಮೆಯಿದ್ದು ಸುಲಭವಾಗಿ ಅರಗುವ ನುಚ್ಚು ಮರಿಗಳಿಗೆ ಅತ್ಯುತ್ತಮ. ತೌಡನ್ನು ಮಿತವಾಗಿ ಕೊಡತಕ್ಕದ್ದು. ಭತ್ತದ ಹೊಟ್ಟು ಸುಲಿದು ಅಕ್ಕಿಯನ್ನು ಹೊಳಪಿಸಿದೊಡನೆ ತೌಡಿನೊಳಗಿನ ಲೈಪೇಸ್ ಕಿಣ್ವ ಅದರ ಎಣ್ಣೆಯನ್ನು ಒಡೆಯತೊಡಗುವುದರಿಂದ, ಹಸಿ ತೌಡು ಕೆಲವೇ ವಾರಗಳಲ್ಲಿ ಕಮಟು ಹಿಡಿದು ಮರಿಗಳು ಅದನ್ನು ಮುಟ್ಟದಂತಾಗುತ್ತದೆ. ಬೇಯಿಸಿದ ಭತ್ತದಿಂದ ಬಂದ ತೌಡಿನಲ್ಲಿ ಆ ಕಿಣ್ವ ನಾಶವಾಗಿರುವುದರಿಂದ ಅದು ಹೆಚ್ಚು ಕಾಲ ಉಳಿಯುತ್ತದೆ. ತೌಡಿನ ರಂಜಕದ ಬಹುಭಾಗ ಫೈಟೇಟ್ ರೂಪದಲ್ಲಿ ಬಂಧಿತವಾಗಿದ್ದು, 1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಂದ ಫೈಟೇಸ್ ಕಿಣ್ವ ಅದನ್ನು ಬಿಡಿಸುವ ದಾರಿ ತೋರಿತು.

ಸಜ್ಜೆಯಲ್ಲಿ ಮೆಕ್ಕೆಜೋಳಕ್ಕಿಂತ ಪ್ರೋಟೀನು ಅಧಿಕ. ಬಿಳಿಜೋಳದಲ್ಲಿ ಜೀರ್ಣಕ್ರಿಯೆಗೆ ಅಡ್ಡಬರುವ ಟ್ಯಾನಿನ್ ಅಲ್ಪ. ಶೇಂಗಾ ಹಿಂಡಿ ಪ್ರೋಟೀನಿನಲ್ಲಿ ಶ್ರೀಮಂತವಾದರೂ ಲೈಸೀನ್ ಎಂಬ ಅಮೈನೋ ಆಮ್ಲದಲ್ಲಿ ಬಡವಾದುದರಿಂದ ಅದರೊಂದಿಗೆ ಮೀನುಪುಡಿ ಬೆರೆಸಬೇಕಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತಾಗ, ಬೂಷ್ಟು ಹಿಡಿದ ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ವಿಷ ಬೆಳಕಿಗೆ ಬಂದಿತು; ಎಳೆಯ ಹಂದಿಗಳೂ ಈ ವಿಷಕ್ಕೆ ಬೇಗ ಈಡಾಗುವುದರಿಂದ ಮುಗ್ಗಿದ ಹಿಂಡಿ ಸರ್ವಥಾ ವರ್ಜ್ಯ. ಹತ್ತಿಕಾಳಿನ ಹಿಂಡಿಯೂ ಅದರಲ್ಲಿರುವ ಗಾಸಿಪಾಲ್‌ನ ದೆಸೆಯಿಂದ ಮರಿಗಳಿಗೆ ಯೋಗ್ಯವಲ್ಲ.

ಭಾರತದಲ್ಲಿ 2019ರಲ್ಲಿ ಪಶು ಆಹಾರದಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕ ಔಷಧದ ಬಳಕೆ ನಿಷಿದ್ಧವಾಗಿ, ಮರಿಗಳ ಆರೋಗ್ಯಕ್ಕೆ ಆಹಾರದ ಶುದ್ಧತೆಯನ್ನೇ ಹೆಚ್ಚಾಗಿ ನೆಚ್ಚಬೇಕಾಯಿತು. 2020ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡ ಮೇಲೆ, ಹೋಟೆಲುಗಳ ಮುಸುರೆಯನ್ನು ಕುದಿಸದೆ ಹಾಕುವುದು ರೋಗವನ್ನು ಕರೆತರುವ ಕೃತ್ಯವೆಂದು ಎಲ್ಲೆಡೆ ಮನವರಿಕೆಯಾಯಿತು. ಅಗ್ಗದ ಪದಾರ್ಥವೊಂದರ ನಿಜವಾದ ಬೆಲೆ ಅದನ್ನುಂಡ ಮರಿಯ ಆರೋಗ್ಯದಿಂದಲೇ ನಿರ್ಣಯವಾಗತಕ್ಕದ್ದು. ಶುದ್ಧವಾದ ನುಚ್ಚು, ಸಜ್ಜೆಗಳನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಿಸಿ, ಕ್ರಮೇಣ ತೌಡು ಹಿಂಡಿಗಳಿಗೆ ಸಾಗುವ ಸಾಕಣೆಗಾರನಿಗೆ ಈ ಸೀಮೆಯ ಬೆಳೆಗಳೇ ದೊಡ್ಡ ಆಧಾರ.