ಖಾಸಬಾಗದ ಮಲ್ಲರಂಗ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪಾಶ್ಚಾತ್ಯ ನಗರಗಳಲ್ಲಿ ಮುಷ್ಟಿಯುದ್ಧ ಮಲ್ಲಯುದ್ಧಗಳನ್ನು ಏರ್ಪಡಿಸಿ, ಟಿಕೀಟು ಮಾರಿ, ಲಾಭ ಪಡೆಯುವವರ ವರ್ಗವೊಂದು ಬೆಳೆದಿದ್ದಿತು. ೧೯೧೦ರಲ್ಲಿ ಗಾಮಾ ಪೈಲ್ವಾನನನ್ನೂ ಅವನ ತಮ್ಮ ಇಮಾಂ ಬಕ್ಷನನ್ನೂ ಲಂಡನ್ನಿಗೆ ಕರೆದೊಯ್ದ ಬೆಂಜಮಿನ್ನನು ಈ ವರ್ಗದವನು. ಅಲ್ಲಿ ಸಪ್ಟೆಂಬರ ೧೦ರಂದು ಗಾಮಾನಿಗೂ ಪೋಲೆಂಡಿನ ಜ್ಬಿಸ್ಕೋವಿಗೂ ನಡೆದ ಕುಸ್ತಿಯ ಪಣ ೨೫೦ ಪೌಂಡು. ಎರಡು ಗಂಟೆಗೂ ಮಿಕ್ಕಿ ಹೋರಾಡಿದರೂ ಅದು ನಿರ್ಣಯವಾಗಲಿಲ್ಲ. ಮರುಪಂದ್ಯದ ದಿನ ಜ್ಬಿಸ್ಕೋ ಕಣಕ್ಕೇ ಬರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಕಾರ್ಯವನ್ನು ವಹಿಸಿದವರು ವರ್ತಕರಲ್ಲ, ಅರಸರು. ಹಾರೂಗೇರಿಯು ಇಂದು ಸೇರಿರುವ ತಾಲೂಕಿನ ಮುಖ್ಯಸ್ಥಳವಾದ ರಾಯಬಾಗವು ೧೯೪೯ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಒಳಪಟ್ಟಿದ್ದಿತು. ಅಲ್ಲಿನ ಶಾಹು ಛತ್ರಪತಿಗಳ (೧೮೭೪-೧೯೨೨) ತಾಯಿ ರಾಧಾಬಾಯಿಯವರು ಮುಧೋಳದ ಘೋರ್ಪಡೆ ಅರಸುಮನೆಯವರು. ಆದುದರಿಂದ ಅವರ ಚರಿತ್ರೆಯನ್ನು ಮರಾಠಿ ಲೇಖಕರಿಗೇ ಬಿಟ್ಟು ಸುಮ್ಮನಿರುವುದು ನಮಗೆ ತರವಲ್ಲ.

ಪಂಡಿತವರ್ಗದಲ್ಲಿ ಶಾಹುಗಳ ಹೆಸರು ಬಂದೊಡನೆ ವೇದೋಕ್ತ ವಿವಾದದ ಮಾತೇ ಏಳುತ್ತದೆ. ಅರಮನೆಯ ಕರ್ಮಗಳನ್ನು ವೇದಮಂತ್ರಗಳಿಂದ ನಡೆಸಲು ಪುರೋಹಿತರು ಒಪ್ಪದೆ ಹೋದುದು ಅದರ ಮೂಲ. ಆ ಜಗಳದಲ್ಲಿ ನಮ್ಮವರು ಗೆದ್ದರೆಂದು ನಾನು ಹೇಳಲಾರೆ. ಅದು ಇನ್ನೂ ಆರದಿರುವಾಗಲೇ, ೧೯೦೨ರಲ್ಲಿ, ಮಹಾರಾಜರು ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಯೂರೋಪಿಗೆ ಹೋದರು. ಆ ಯಾತ್ರೆಗೆ ಎರಡು ಫಲಗಳುಂಟು. ಹಿಂದುಳಿದವರಿಗೆ ಸಂಸ್ಥಾನದ ಉದ್ಯೋಗಗಳಲ್ಲಿ ನೂರಕ್ಕೆ ೫೦ನ್ನು ಮೀಸಲಿಟ್ಟ ಜುಲೈ ೨೬ರ ಆಜ್ಞೆ ಒಂದು. ರೋಮಿನ ಪುರಾತನ ವರ್ತುಲರಂಗದ ದರ್ಶನದಿಂದ ಹುಟ್ಟಿ, ೧೯೧೨ರಲ್ಲಿ ಪೂರ್ಣಗೊಂಡ ಖಾಸಬಾಗ ಮೈದಾನವು ಇನ್ನೊಂದು.

ಇವೆರಡನ್ನೂ ಬೇರೆಬೇರೆಯಾಗಿ ಎಣಿಸುವುದು ವಾಡಿಕೆ. ನನಗಾದರೋ ಇವು ಒಂದೇ ಬುದ್ಧಿಯ ಕಾರ್ಯಗಳೆಂದು ತೋರುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಭೇದ, ಆಹಾರ, ಅಭ್ಯಾಸಗಳೆಲ್ಲ ಬಂದಿವೆ. ಆದರೆ ಆ ಪ್ರಕರಣದ ಹೆಸರೇ ಮಲ್ಲವಿನೋದ, ಎಂದರೆ ಅರಸನ ವಿನೋದ. ಖಾಸಬಾಗದಲ್ಲಿ ಕಣವು ನಡುವೆ ಇದ್ದು ಸುತ್ತಲಿನ ನೆಲ ಹಿಂದಕ್ಕೆ ಏರುತ್ತ ಹೋಗುವುದರಿಂದ ಹಿಂದೆ ಕುಳಿತ ಒಕ್ಕಲಿಗನಿಗೂ ಪಟ್ಟು ಕಾಣುತ್ತದೆ. ಸ್ವತಃ ಗರಡಿಯಲ್ಲಿ ಮಣ್ಣು ಮುಟ್ಟಿದ ಅರಸರಿಗೇ ಈ ಏರ್ಪಾಡು ಹೊಳೆಯಬೇಕು. ಅಲ್ಲಿ ಮೊದಲು ಸೆಣಸಿದವರು ಲಂಡನ್ನಿನಲ್ಲಿ ಜಾನ್ ಲೆಮ್ಮನನ್ನು ಕೆಡವಿ ಬಂದಿದ್ದ ಇಮಾಂ ಬಕ್ಷನೂ ಗುಲಾಂ ಮೊಹಿಯುದ್ದೀನನೂ. ಇಮಾಂ ಬಕ್ಷನೇ ಗೆದ್ದನು.

ಗಾಮಾ-ಜ್ಬಿಸ್ಕೋ ಜೋಡಿಯು ೧೯೨೮ರಲ್ಲಿ ಮತ್ತೆ ಎದುರಾದುದೂ ಪಟಿಯಾಲದ ಅರಸರ ಆಶ್ರಯದಲ್ಲಿಯೇ. ಒಂದು ನಿಮಿಷದೊಳಗೆ ಗಾಮಾನಿಗೆ ಜಯವಾಯಿತು. ಸಂಸ್ಥಾನಗಳು ವಿಲೀನವಾದ ಮೇಲೆ ಪೈಲ್ವಾನರ ಹಾಲು-ತುಪ್ಪದ ಭಾರವು ಊರವರ ಮೇಲೆ ಬಿದ್ದಿತು. ನಮ್ಮ ಕಡೆಯ ಜಾತ್ರೆಗಳಲ್ಲಿ ಪಂಚರು ವಂತಿಗೆಯೆತ್ತಿ ಜೋಡಿ ಹಚ್ಚುತ್ತಾರೆ.