ಲೆಕ್ಕದ ಪುಸ್ತಕ ಎಲ್ಲಿರಬೇಕು? - ಕಲ್ಯಾಣದ ಭಂಡಾರದಿಂದ ಕಂಪ್ಯೂಟರಿನ ತನಕ



ನಮ್ಮ ಸಂಘವು 25 ವರುಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ಸಂಘ ಕಟ್ಟಿದ ಹಿರಿಯರ ಬಗ್ಗೆ, ಬೀಜ-ಗೊಬ್ಬರದ ವಹಿವಾಟಿನ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ಸಂಘದ ಕಿರ್ದಿ-ಖತಾವಣಿ ಬರೆದು ಕೂದಲು ಬೆಳ್ಳಗಾದವನು. ಆದ್ದರಿಂದ ಲೆಕ್ಕದ ಪುಸ್ತಕದ ಇತಿಹಾಸವನ್ನೇ ನಾಲ್ಕು ಮಾತಿನಲ್ಲಿ ಬರೆಯಲು ಹೊರಟಿದ್ದೇನೆ.

ಇದಕ್ಕೆ ಒಂದು ಕಾರಣವೂ ಉಂಟು. ಕಳೆದ ಸರ್ವಸಾಧಾರಣ ಸಭೆಯಲ್ಲಿ ಸಂಘದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ದೂರದ ಊರಿನ ದತ್ತಾಂಶ ಕೇಂದ್ರದಲ್ಲಿ ಇಡುವ ಮಾತು ಬಂತು. ಆಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸೆಕ್ರೆಟ್ರಿ ಸಾಹೇಬ್ರೆ, ನಮ್ಮ ಲೆಕ್ಕ ಊರ ಬಿಟ್ಟು ಹೋದ್ರ ನಮ್ಮ ಕೈದಾಗ ಏನ ಉಳೀತದರೀ?" ಎಂದು ಕೇಳಿದರು. "ಕಾಕಾ, ಬರದು ಹೇಳ್ತೀನಿ" ಎಂದಿದ್ದೆ. ಇದು ಆ ಉತ್ತರ.

ಕಲ್ಯಾಣದ ಪಾಠ

ಲೆಕ್ಕ-ಪತ್ರಕ್ಕೆ ನಮ್ಮ ನೆಲದಲ್ಲಿ ಹಳೆಯ ಹೆಸರಿದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076-1126) ಆಳಿದ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು 'ಮಿತಾಕ್ಷರಾ' ಬರೆದನು. ಅಣ್ಣ-ತಮ್ಮಂದಿರ ಆಸ್ತಿ ಪಾಲಿನ ಮಾತು ಬಂದರೆ ವಕೀಲರು ಇಂದಿಗೂ ಆ ಹೆಸರು ಎತ್ತುತ್ತಾರೆ. ಮುಂದೆ ಬಿಜ್ಜಳನ ಕಾಲಕ್ಕೆ ಇದೇ ಕಲ್ಯಾಣದಲ್ಲಿ ಭಂಡಾರದ ಹೊಣೆ ಹೊತ್ತವರು ಬಸವಣ್ಣನವರು. ಪರರ ಹಣಕ್ಕೆ ಪೈಸೆ ಪೈಸೆಗೂ ಉತ್ತರ ಕೊಡಬೇಕೆಂಬ ನಡತೆಯನ್ನು ನಾವು ಬೇರೆ ಕಡೆಯಿಂದ ಕಲಿಯಬೇಕಾಗಿಲ್ಲ.

ಆದರೆ 1167ರ ಸುಮಾರಿಗೆ ಕಲ್ಯಾಣದಲ್ಲಿ ಕೋಲಾಹಲವೆದ್ದಿತು. ಶರಣರು ದಿಕ್ಕಾಪಾಲಾದರು. ವಚನದ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಡೆಗೆ ನಡೆದರೆಂಬುದು ಪರಂಪರೆಯ ಮಾತು. ಮುಂದೆ ಮಠ-ಮನೆಗಳಲ್ಲಿ ಓಲೆಗರಿಯ ಮೇಲೆ ಪ್ರತಿಗೆ ಪ್ರತಿ ಎತ್ತುತ್ತ ಬಂದರು. ಏಳು ಶತಮಾನ ಕಳೆದ ಮೇಲೆ ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು (1880-1964) ಊರೂರು ಅಲೆದು ಆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದರು. ಎಲ್ಲ ವಚನಗಳೂ ಕಲ್ಯಾಣದ ಒಂದೇ ಕೋಣೆಯಲ್ಲಿ ಇದ್ದಿದ್ದರೆ ಹಳಕಟ್ಟಿಯವರ ಕೈಗೆ ಏನು ಸಿಗುತ್ತಿತ್ತು? ಹತ್ತು ಊರುಗಳಲ್ಲಿ ಪ್ರತಿ ಇದ್ದುದರಿಂದ ಉಳಿದವು.

ಬೀದರಿನ ಮಹಮೂದ್ ಗವಾನನ ಮದರಸಾವನ್ನೂ ನೋಡಿರಿ. 1472ರಲ್ಲಿ ಕಟ್ಟಿ ಮುಗಿದ ಆ ವಿದ್ಯಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಬರೆಯುತ್ತಾರೆ. ಮೊಗಲರ ಕಾಲಕ್ಕೆ ಅದೇ ಕಟ್ಟಡದಲ್ಲಿ ಸಿಪಾಯಿಗಳನ್ನೂ ಮದ್ದನ್ನೂ ಇಟ್ಟರು. ಹದಿನೇಳನೆಯ ಶತಮಾನದ ಕೊನೆಗೆ ಆ ಮದ್ದು ಸಿಡಿದು ಕಟ್ಟಡದ ಮುಂಭಾಗ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದೇ ಉಳಿಯಿತು. ಬೆಲೆಬಾಳುವ ವಸ್ತುವಿನ ಮಗ್ಗುಲಿಗೆ ಏನಿಟ್ಟಿದ್ದೇವೆ ಎಂಬುದನ್ನೂ ನೋಡಬೇಕು. ನಮ್ಮ ಸಂಘದ ಕಂಪ್ಯೂಟರ್ ಗೊಬ್ಬರದ ಗೋದಾಮಿನ ಗೋಡೆಗೆ ಹತ್ತಿಕೊಂಡೇ ಇದೆ ಎಂಬುದು ತಮಗೆ ಗೊತ್ತು.

ಓದಲು ಬಾರದ ದಫ್ತರ

ನಿಜಾಮರ ಕಾಲದಲ್ಲಿ ನಮ್ಮ ಭಾಗದ ಸರಕಾರಿ ದಫ್ತರ ನಡೆದದ್ದು ಉರ್ದುವಿನಲ್ಲಿ. ಹಳೆಯ ಖಾಸಗಿ ಕಾಗದಗಳಲ್ಲಿ ಮೋಡಿ ಬರಹವೂ ಉಂಟು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಬಸವಕಲ್ಯಾಣ, ಹುಮನಾಬಾದದ ನಮ್ಮ ಭಾಗವು ಬೀದರ, ಭಾಲ್ಕಿ, ಔರಾದಗಳ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಸೇರಿದವು.

ಆಮೇಲೆ ಹೊಲದ ತಕರಾರು ಬಂದಾಗ ಹಳೆಯ ಕಾಗದ ಹಿಡಿದುಕೊಂಡು ಉರ್ದು, ಮೋಡಿ ಬಲ್ಲ ಮುದುಕರ ಮನೆ ಹುಡುಕುವುದು ನಡೆಯಿತು. ಕಾಗದ ಹಾಳಾಗಿರಲಿಲ್ಲ, ಓದುವವರು ಇರಲಿಲ್ಲ. ಕಂಪ್ಯೂಟರಿನದೂ ಇದೇ ಕಥೆ. ಇಂದಿನ ತಂತ್ರಾಂಶ ನಾಳೆ ನಿಂತುಹೋದರೆ, ಅದರೊಳಗಿನ ಲೆಕ್ಕವನ್ನು ಬೇರೆ ಕಂಪ್ಯೂಟರು ಓದಬಲ್ಲುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಕಿಲ್ಲಾರಿಯ ಬೆಳಗು

1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಬಾಕಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಬಸವಕಲ್ಯಾಣದಿಂದ ನೇರ ಅಳೆದರೆ ಕಿಲ್ಲಾರಿ ಐವತ್ತು ಕಿಲೋಮೀಟರಿನ ಒಳಗೇ ಇದೆ. ನಮ್ಮವೇ ಮನೆಗಳಂತೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಾಳಿಗೆ. ಸುಮಾರು ಹತ್ತು ಸಾವಿರ ಜನ ಅದರಡಿ ಸಿಕ್ಕು ತೀರಿಹೋದರು. ಅತ್ತ ಬೀಗರು ಇದ್ದ ಮನೆಗಳಲ್ಲಿ ಇಂದಿಗೂ ಆ ದಿನದ ಮಾತು ಬಂದರೆ ಕಣ್ಣು ತುಂಬುತ್ತವೆ.

ಸತ್ತವರ ಮುಂದೆ ಕಾಗದದ ಮಾತು ಆಡುವುದು ಸಣ್ಣದೆನಿಸುತ್ತದೆ. ಆದರೆ ಬದುಕಿ ಉಳಿದವರು ಮರುದಿನವೇ "ನಾನು ಇಂಥವನು, ಇಷ್ಟು ಹೊಲ ನನ್ನದು, ಇಷ್ಟು ಉಳಿತಾಯ ನನ್ನದು" ಎಂದು ಹೇಳಲೇಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಮನೆಯ ಪೆಟ್ಟಿಗೆಯೂ ಸಂಘದ ಕಪಾಟೂ ಒಂದೇ ಮಣ್ಣಿನಡಿ ಇದ್ದರೆ ಸಾಕ್ಷಿ ಹೇಳುವವರಾರು? ಒಂದು ಪ್ರತಿ ಊರಾಚೆ, ತಾಲೂಕಿನಾಚೆ, ಅದೇ ಭೂಕಂಪ ಮುಟ್ಟದಷ್ಟು ದೂರ ಇರಬೇಕೆಂಬುದು ಕಿಲ್ಲಾರಿಯಿಂದ ನಾವು ಕಲಿಯಬೇಕಾದ ಪಾಠ.

ಪಹಣಿಯಿಂದ ಸಾಲಮನ್ನಾ ತನಕ

ರಾಜ್ಯ ಸರಕಾರದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 2001ರ ಹೊತ್ತಿಗೆ ತಹಸೀಲ ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಮೊದಲು ಆಯಾ ತಾಲೂಕಿನಲ್ಲೇ ಇದ್ದ ದತ್ತಾಂಶ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಹೊಲ ನಮ್ಮೂರಲ್ಲಿ, ಅದರ ಲೆಕ್ಕ ಬೆಂಗಳೂರಲ್ಲಿ! ಕಾಕಾ ಅವರ ಹೊಲದ ಲೆಕ್ಕ ಊರು ಬಿಟ್ಟು ಎಷ್ಟೋ ವರುಷವಾಯಿತು.

2018ರ ಸಾಲಮನ್ನಾ ತಮಗೆಲ್ಲ ನೆನಪಿದೆ. ಸಹಕಾರ ಸಂಘದ ಬೆಳೆಸಾಲದಲ್ಲಿ ಒಂದು ಲಕ್ಷದ ತನಕ ಮನ್ನಾ. ಆದರೆ ಆಧಾರ್, ರೇಷನ್ ಕಾರ್ಡು, ಪಹಣಿ, ಸಂಘದ ಲೆಕ್ಕ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕಿತ್ತು. ಆಗ ನಮ್ಮ ಒಂದು ಸಾಲದ ಖತಾವಣಿಯ ಹಾಳೆಗಳು ಮಳೆನೀರು ಇಳಿದು ಅಂಟಿಕೊಂಡಿದ್ದವು. ಒಬ್ಬ ಹೆಣ್ಣುಮಗಳು ಮೂರು ದಿನ ಸಂಘದ ಕಟ್ಟೆಯ ಮೇಲೆ ಕೂತರು. "ಅಣ್ಣಾ, ನಾ ಸಾಲ ತಗೊಂಡದ್ದು ಖರೆ, ತುಂಬಿದ್ದೂ ಖರೆ. ನಿಮ್ಮ ಬುಕ್ ನೆಂದ್ರ ಅದು ನನ್ನ ತಪ್ಪೇನು?" ಎಂದರು. ಮೇಲಿನ ಬ್ಯಾಂಕಿಗೆ ಕಳಿಸಿದ್ದ ಪಟ್ಟಿಯ ಪ್ರತಿ ಸಿಕ್ಕಿದ್ದರಿಂದ ಅವರ ಹೆಸರು ಉಳಿಯಿತು, ನಮ್ಮ ಮಾನವೂ ಉಳಿಯಿತು. ಸೂರು ಸೋರುವುದು ಗೊತ್ತಿದ್ದೂ ಕಪಾಟು ಸರಿಸದಿದ್ದ ತಪ್ಪು ನನ್ನದೇ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹೊರಗಿನವರಿಗೆ ಕೊಡಬಹುದೇ?

2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ದೇಶಕ್ಕೆಲ್ಲ ಒಂದೇ ಬಗೆಯ ತಂತ್ರಾಂಶ, ದತ್ತಾಂಶ ಇಡುವುದು ಕ್ಲೌಡ್‌ನಲ್ಲಿ. ಕ್ಲೌಡ್ ಎಂದರೆ ಮೋಡವಲ್ಲ, ಎಲ್ಲೋ ಒಂದು ಊರಿನ ಭದ್ರ ಕಟ್ಟಡದಲ್ಲಿ ಹಗಲಿರುಳು ನಡೆಯುವ ಕಂಪ್ಯೂಟರುಗಳ ಸಾಲು. ಅಲ್ಲಿ ಕರೆಂಟು ಹೋದರೆ ಜನರೇಟರು, ಯಂತ್ರ ಕಾಯದಂತೆ ತಂಪು ಗಾಳಿ, ಬೆಂಕಿ ನಂದಿಸುವ ವ್ಯವಸ್ಥೆ, ಕಾವಲು ಎಲ್ಲ ಇರುತ್ತದೆ. ಕೇಂದ್ರ ಸರಕಾರದ ಎನ್.ಐ.ಸಿ.ಗೆ ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರಗಳಲ್ಲಿ ಇಂಥ ಕೇಂದ್ರಗಳಿವೆ. ಅಮೆಜಾನ್ ಕಂಪನಿ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಈ ಸೇವೆ ತೆರೆಯಿತು. ನಮ್ಮ ಹುಮನಾಬಾದದ ಹೆದ್ದಾರಿಯ ಒಂದು ತುದಿಗೆ ಪುಣೆ, ಇನ್ನೊಂದು ಕಡೆಗೆ ಹೈದರಾಬಾದ್!

ಅಂಥದನ್ನು ನಾವೇ ಕಟ್ಟಬೇಕೇ? ಲೆಕ್ಕ ಹಾಕಿ ನೋಡೋಣ. 1,500 ಸದಸ್ಯರ ಸಂಘವೊಂದಿದೆ ಎನ್ನಿ. ಒಬ್ಬೊಬ್ಬರದು ವರುಷಕ್ಕೆ 40 ನಮೂದು, ಒಟ್ಟು 60,000. ಒಂದು ನಮೂದಿಗೆ ಕನ್ನಡದಲ್ಲಿ 600 ಬೈಟ್ ಹಿಡಿದರೂ ವರುಷಕ್ಕೆ 36 ಎಂ.ಬಿ., 25 ವರುಷಕ್ಕೆ 900 ಎಂ.ಬಿ. ಆಯಿತು. ಮೊಮ್ಮಗನ ಮೊಬೈಲಿನ ಒಂದು ಸಿನಿಮಾದಷ್ಟು! ಪಹಣಿ, ಜಾಮೀನು ಪತ್ರಗಳ ಚಿತ್ರ ಸೇರಿಸಿದರೆ ಹದಿನೈದು-ಇಪ್ಪತ್ತು ಜಿ.ಬಿ. ಆದೀತು. ಜಾಗದ ಕೊರತೆ ನಮಗಿಲ್ಲ, ಕಾಯುವ ಕೈಗಳ ಕೊರತೆ ಇದೆ. ಬಾವಿ ತೋಡಿಸಿ ಒಂದು ತಂಬಿಗೆ ನೀರು ಸೇದಿದ ಹಾಗೆ ಸ್ವಂತ ದತ್ತಾಂಶ ಕೇಂದ್ರ ಮಾಡುವುದು ಬೇಕಾಗಿಲ್ಲ. ಬಾಡಿಗೆಯೇ ಸರಿ.

ಆದರೆ ಬಾಡಿಗೆಗೆ ಕೊಟ್ಟು ಮಲಗುವಂತಿಲ್ಲ. 2024ರ ಜುಲೈ ಕೊನೆಗೆ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಯ ಮೇಲೆ ಸೈಬರ್ ದಾಳಿ ನಡೆಯಿತು. ಲೆಕ್ಕಕ್ಕೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳರ ಕೆಲಸ ಅದು. ಸೋಂಕು ಹರಡದಂತೆ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಬೇಕಾಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಒಂದೆರಡು ದಿನ ಯು.ಪಿ.ಐ., ಎ.ಟಿ.ಎಂ. ನಿಂತವು. ದಾಳಿ ನಡೆದದ್ದು ಒಂದು ಕಡೆ, ಸಾಲಿನಲ್ಲಿ ನಿಂತವರು ಊರೂರ ಜನ. ಕೆಲಸ ಹೊರಗೆ ಕೊಡಬಹುದು, ಹೊಣೆ ಹೊರಗೆ ಕೊಡಲು ಬರುವುದಿಲ್ಲ.

ಆಡಳಿತ ಮಂಡಳಿಗೆ ನಾಲ್ಕು ಮಾತು

ಹಿಂದಿನ ಅನುಭವದಿಂದ ನನಗೆ ತೋಚಿದ್ದನ್ನು ಹೇಳಿ ಮುಗಿಸುತ್ತೇನೆ.

1. ಲೆಕ್ಕಕ್ಕೆ ಮೂರು ಪ್ರತಿ ಇರಲಿ. ಒಂದು ಸಂಘದಲ್ಲಿ, ಒಂದು ಹೊರಗಿನ ಕೇಂದ್ರದಲ್ಲಿ, ಒಂದು ಯಾವ ತಂತಿಗೂ ಹತ್ತದೆ ಬೀಗದೊಳಗೆ, ಬೇರೆ ಕಟ್ಟಡದಲ್ಲಿ. ತಂತಿಗೆ ಹತ್ತದ್ದನ್ನು ದೂರದ ಕಳ್ಳ ಮುಟ್ಟಲಾರ.

2. ಎರಡು ಪ್ರಶ್ನೆಗೆ ಸಭೆಯಲ್ಲಿ ಠರಾವು ಮಾಡಿರಿ. ಎಷ್ಟು ದಿನದ ಲೆಕ್ಕ ಹೋದರೆ ನಾವು ಕೈಯಿಂದ ಮತ್ತೆ ಬರೆದುಕೊಳ್ಳಬಲ್ಲೆವು? ಎಷ್ಟು ದಿನ ಸಂಘದ ಬಾಗಿಲು ಮುಚ್ಚಿದರೆ ಸದಸ್ಯರು ತಡೆದುಕೊಂಡಾರು? ನನ್ನ ಮಟ್ಟಿಗೆ ಒಂದು ದಿನದ ಲೆಕ್ಕ, ಬಿತ್ತನೆ ಕಾಲದಲ್ಲಿ ಎರಡು ದಿನದ ಬಾಗಿಲು. ಇದಕ್ಕಿಂತ ಹೆಚ್ಚು ಬೇಡ. ಈ ಉತ್ತರದ ಮೇಲೆಯೇ ಖರ್ಚು ನಿಂತಿದೆ.

3. ಕರಾರು ಪತ್ರದಲ್ಲಿ ಲೆಕ್ಕ ನಮ್ಮದೇ ಎಂದು ಬರೆಸಿರಿ. ಕರಾರು ಮುರಿದ ದಿನ ಎಲ್ಲರೂ ಓದಬಲ್ಲ ರೂಪದಲ್ಲಿ ಅದನ್ನು ಮರಳಿ ಕೊಡಬೇಕು.

4. ವರುಷಕ್ಕೊಮ್ಮೆ, ಬಿತ್ತನೆಗೆ ಮುಂಚೆ, ಆ ಪ್ರತಿಯಿಂದ ಬೇರೊಂದು ಕಂಪ್ಯೂಟರಿನಲ್ಲಿ ಲೆಕ್ಕ ಎತ್ತಿ ನೋಡಿರಿ. ಹತ್ತು ಸದಸ್ಯರ ಪಾಸ್‌ಬುಕ್ಕಿಗೆ ತಾಳೆ ಹಾಕಿರಿ. ಬಿತ್ತಿ ನೋಡದ ಬೀಜವನ್ನು ನಂಬದ ನಾವು, ತೆಗೆದು ನೋಡದ ಪ್ರತಿಯನ್ನು ಏಕೆ ನಂಬಬೇಕು?

ಕಾಕಾ, ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಲೆಕ್ಕ ಊರು ಬಿಟ್ಟು ಹೋದರೆ ಕೈಯಲ್ಲಿ ಉಳಿಯುವುದು ನಿಮ್ಮ ಪಾಸ್‌ಬುಕ್ಕು, ಮತ್ತು ಸಭೆಯಲ್ಲಿ ಎದ್ದು ನಿಂತು ಕೇಳುವ ನಿಮ್ಮ ಹಕ್ಕು. ಇವೆರಡನ್ನೂ ಬಿಡಬೇಡಿರಿ. ಮುಂದಿನ ಸಭೆಗೆ ಪಾಸ್‌ಬುಕ್ಕು ತರ್ರಿ, ಮೊದಲ ತಾಳೆ ನಿಮ್ಮದೇ ಆಗಲಿ.

ಬೆಳ್ಳಿ ಹಬ್ಬ ಕಂಡ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ದಿನ ಇಂದಿನ ಲೆಕ್ಕವನ್ನು ನಮ್ಮ ಮಕ್ಕಳು ತಪ್ಪಿಲ್ಲದೆ ಓದುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.